ನಕಲು ಮಾಡಿ ಕಲಿಯುವ ವಿದ್ಯೆ: ಕ್ಯಾಂಪ್‌ನ ಕಿಟಕಿ ಬೆಳಕಿನಲ್ಲಿ ರೆಂಬ್ರಾಂಟ್‌ನ ಪಾಠ

ಪುಣೆ: ಪರೀಕ್ಷಾ ಕೊಠಡಿಯಲ್ಲಿ ‘ನಕಲು’ ಎಂಬ ಮಾತು ಕೇಳಿದರೆ ಮೇಲ್ವಿಚಾರಕರು ಎದ್ದು ನಿಲ್ಲುತ್ತಾರೆ. ಕಚೇರಿಗಳಲ್ಲಿ ಅದೇ ನಕಲಿಗೆ ಮೊಹರು ಬಿದ್ದರೆ ‘ದೃಢೀಕೃತ ಪ್ರತಿ’ ಎಂಬ ಮರ್ಯಾದೆ ಸಿಗುತ್ತದೆ. ಚಿತ್ರಕಲೆಯಲ್ಲಾದರೋ ನಕಲು ಎಂಬುದು ಒಂದು ಪಾಠಕ್ರಮ. ಹಳೆಯ ಗುರುವೊಬ್ಬನ ಮುಖಚಿತ್ರವನ್ನು ಎದುರಿಗಿಟ್ಟುಕೊಂಡು, ಅದನ್ನು ಮತ್ತೊಮ್ಮೆ ಮೊದಲಿನಿಂದ ಬರೆದು ತೈಲವರ್ಣದ ಗುಟ್ಟು ತಿಳಿಯುವ ಈ ಪದ್ಧತಿ ಯುರೋಪಿನಲ್ಲಿ ನಾನೂರು ವರ್ಷಗಳಿಗೂ ಮಿಕ್ಕಿ ನಡೆದುಬಂದಿದೆ. ಕಲಾಶಾಲೆಗೆ ಹೋಗುವ ಅನುಕೂಲವಿಲ್ಲದೆ, ನೌಕರಿ ಸಂಸಾರಗಳ ನಡುವೆ ಭಾನುವಾರ ಮಾತ್ರ ಬಿಡುವಿರುವ ಪುಣೆ ಕ್ಯಾಂಪ್‌ನ ಕನ್ನಡಿಗರಿಗೂ ಈ ದಾರಿ ಮುಚ್ಚಿಲ್ಲ. ಬೇಕಾದದ್ದು ಒಂದು ಕಿಟಕಿ, ಕೆಲವು ಬಣ್ಣದ ಟ್ಯೂಬ್, ಮತ್ತು ಸಾಕಷ್ಟು ತಾಳ್ಮೆ.

ಪುಣೆಯ ಕನ್ನಡಿಗರಿಗೆ ಇದನ್ನು ಸಂಗೀತದ ಮೂಲಕ ಹೇಳಿದರೆ ಬೇಗ ಮನದಟ್ಟಾದೀತು. ಗದಗದ ಹುಡುಗ ಭೀಮಸೇನ ಜೋಶಿಯವರು ಗುರುವನ್ನು ಅರಸಿ ಮನೆ ಬಿಟ್ಟು ಊರೂರು ಅಲೆದು, ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಕಲಿತರು. ಗುರುಕುಲದಲ್ಲಿ ಶಿಷ್ಯನ ಮೊದಲ ಕೆಲಸ ಗುರು ಹಾಡಿದ್ದನ್ನು ಹಾಗೆಯೇ ಹಾಡಿ ಒಪ್ಪಿಸುವುದು. ಸ್ವಂತ ದನಿ ಅದರ ನಂತರ ಬರುವಂಥದು. ಅದೇ ಭೀಮಸೇನರು 1953ರಿಂದ ಪುಣೆಯಲ್ಲಿ ಗುರುವಿನ ಹೆಸರಿನ ಉತ್ಸವ ನಡೆಸಿದರು. ಅವರ ಗಾಯನವನ್ನು ಯಾರೂ ನಕಲು ಎಂದು ಕರೆಯಲಿಲ್ಲ. ಕಂಠಕ್ಕೆ ಯಾವ ನಿಯಮವೋ ಕೈಗೂ ಅದೇ ನಿಯಮ.

ಕಲಿಯಲು ವಯಸ್ಸು ಮೀರಿತು ಎನ್ನುವವರು ರೂಬೆನ್ಸ್‌ನ ಉದಾಹರಣೆ ನೆನಪಿಡಬಹುದು. 17ನೇ ಶತಮಾನದ ಬರೋಕ್ ಶೈಲಿಯ ಮಹಾ ಕಲಾವಿದನಾದ ಆತ 1628–29ರಲ್ಲಿ ಮ್ಯಾಡ್ರಿಡ್‌ಗೆ ಹೋದಾಗ ಐವತ್ತು ದಾಟಿತ್ತು, ಕೀರ್ತಿ ಯುರೋಪಿನಾದ್ಯಂತ ಹಬ್ಬಿತ್ತು. ಆದರೂ ಆತ ಅಲ್ಲಿ ಕುಳಿತು ತನಗಿಂತ ಹಿಂದಿನ ತಲೆಮಾರಿನ ಟಿಷಿಯನ್‌ನ ‘ಆಡಂ ಮತ್ತು ಈವ್’ ಚಿತ್ರವನ್ನು ನಕಲು ಮಾಡಿದ. ಮೂಲವೂ ನಕಲೂ ಎರಡೂ ಇಂದು ಮ್ಯಾಡ್ರಿಡ್‌ನ ಪ್ರಾಡೋ ವಸ್ತುಸಂಗ್ರಹಾಲಯದಲ್ಲಿವೆ.

ತೈಲಚಿತ್ರ ನಮ್ಮ ಕಡೆಗೆ ಬಂದ ಬಗೆ

ಎಣ್ಣೆ ಬೆರೆಸಿದ ಬಣ್ಣದ ಯುರೋಪಿಯನ್ ಚಿತ್ರಕಲೆಗೂ ಕನ್ನಡ ನಾಡಿಗೂ ನಂಟು ಹಳೆಯದು. ವಿಜಾಪುರದ ಎರಡನೇ ಇಬ್ರಾಹಿಂ ಆದಿಲಶಾಹನ ಆಸ್ಥಾನದಲ್ಲಿ ಹಾಲೆಂಡಿನ ಹಾರ್ಲೆಂ ಪಟ್ಟಣದ ಕೊರ್ನೆಲಿಸ್ ಹೇಡಾ ಎಂಬ ಚಿತ್ರಕಾರ 1622ರಲ್ಲಿ ತೀರಿಕೊಳ್ಳುವವರೆಗೂ ಕೆಲಸ ಮಾಡಿದ್ದ. ಆಗ ರೆಂಬ್ರಾಂಟ್ ಇನ್ನೂ ಹದಿಹರೆಯದ ಹುಡುಗ.

ಪುಣೆಗೆ ಈ ವಿದ್ಯೆ ಬಂದದ್ದು ಪೇಶ್ವೆಯವರ ಕಾಲದಲ್ಲಿ. ಸ್ಕಾಟ್ಲೆಂಡಿನ ಜೇಮ್ಸ್ ವೇಲ್ಸ್ 1792ರಲ್ಲಿ ಇಲ್ಲಿಗೆ ಬಂದು ಸವಾಯಿ ಮಾಧವರಾವ್ ಪೇಶ್ವೆ, ನಾನಾ ಫಡ್ನವೀಸ್, ಮಹಾದಜಿ ಶಿಂದೆ ಮುಂತಾದವರನ್ನು ಎದುರು ಕೂರಿಸಿಕೊಂಡು ತೈಲಚಿತ್ರ ಬರೆದ. ಆಗ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಚಾರ್ಲ್ಸ್ ಮ್ಯಾಲೆಟ್‌ನ ಉತ್ತೇಜನದಿಂದ ಶನಿವಾರವಾಡೆಯಲ್ಲಿ ಒಂದು ಚಿತ್ರಶಾಲೆಯೂ ನಡೆಯಿತು. ಗಂಗಾರಾಮ ತಾಂಬಟ ಎಂಬ ಸ್ಥಳೀಯ ಚಿತ್ರಕಾರ ವೇಲ್ಸ್‌ನ ಜೊತೆಗಿದ್ದು ಪಾಶ್ಚಾತ್ಯ ರೀತಿಯ ಚಿತ್ರಣವನ್ನು ರೂಢಿಸಿಕೊಂಡ. ಅವನ ರೇಖಾಚಿತ್ರಗಳು ಇಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. 1795ರಲ್ಲಿ ವೇಲ್ಸ್ ತೀರಿಕೊಂಡ. 1817ರ ಖಡಕಿ ಯುದ್ಧದಲ್ಲಿ ಪೇಶ್ವೆಯವರು ಸೋತ ಮೇಲೆ ಇಂದಿನ ಕ್ಯಾಂಪ್ ಪ್ರದೇಶದಲ್ಲಿ ದಂಡು ನೆಲೆಯೂರಿತು.

ಇತ್ತ ತಿರುವಾಂಕೂರಿನಲ್ಲಿ ರವಿವರ್ಮನಿಗೆ ತೈಲವರ್ಣ ಕಲಿಸಲು ಆಸ್ಥಾನದ ಚಿತ್ರಕಾರರು ಮನಸ್ಸು ಮಾಡಲಿಲ್ಲ. ಅತಿಥಿಯಾಗಿ ಬಂದ ಥಿಯೋಡರ್ ಜೆನ್ಸನ್ ಎಂಬ ಯುರೋಪಿಯನ್ ಕಲಾವಿದ ಬರೆಯುವುದನ್ನು ನೋಡಿ ನೋಡಿಯೇ ಆತ ಕಲಿತ. ಮುಂದೆ ಅವನ ಚಿತ್ರಗಳ ಅಚ್ಚಿನ ಪ್ರತಿಗಳನ್ನು ಹೊರತಂದ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ, ನಂತರ ಲೋಣಾವಳ ಬಳಿಯ ಮಳವಳಿಗೆ ಬಂತು. ಪುಣೆ–ಲೋಣಾವಳ ಲೋಕಲ್‌ನಲ್ಲಿ ಓಡಾಡುವವರಿಗೆ ಮಳವಳಿ ಒಂದು ಚಿಕ್ಕ ಸ್ಟೇಷನ್ ಅಷ್ಟೇ. ಆದರೆ ನಮ್ಮ ಅಜ್ಜಿಯಂದಿರ ದೇವರ ಕೋಣೆಗೆ ರವಿವರ್ಮನ ಲಕ್ಷ್ಮಿ, ಸರಸ್ವತಿಯರನ್ನು ತಲುಪಿಸಿದ ಅಚ್ಚಿನ ಮನೆ ಅಲ್ಲಿತ್ತು. ಮೂಲಚಿತ್ರವನ್ನು ಕಂಡವರು ಕೆಲವರು, ಪ್ರತಿಯನ್ನು ಪೂಜಿಸಿದವರು ಲಕ್ಷಾಂತರ ಮಂದಿ.

ಕಲಬುರ್ಗಿಯಲ್ಲಿ 1916ರಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರು ಮಾಡಿದ ಎಸ್. ಎಂ. ಪಂಡಿತರು ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳ ಮೂಲಕ ತೈಲವರ್ಣದ ಮೆರುಗನ್ನು ಮನೆಮನೆಗೆ ಮುಟ್ಟಿಸಿದರು. ಪುಣೆಯಲ್ಲೇ ಹೇಳುವುದಾದರೆ, 1968ರಲ್ಲಿ ತೆರೆದ ಬಾಲಗಂಧರ್ವ ರಂಗಮಂದಿರಕ್ಕಾಗಿ ಗೋಪಾಳರಾವ್ ದೇವುಸ್ಕರ್ ಬರೆದ ಬಾಲಗಂಧರ್ವರ ಎರಡು ಚಿತ್ರಗಳನ್ನು, ಒಂದು ಪುರುಷ ವೇಷದ್ದು ಇನ್ನೊಂದು ಸ್ತ್ರೀ ವೇಷದ್ದು, ನಾಟಕಕ್ಕೆ ಹೋದವರೆಲ್ಲ ನೋಡಿ ಬೆರಗಾದವರೇ.

ರೆಂಬ್ರಾಂಟ್‌ನನ್ನೇ ಏಕೆ ಆರಿಸಬೇಕು?

ಮುಖಚಿತ್ರ ಕಲಿಯುವವರು ಹೆಚ್ಚಾಗಿ ಆಶ್ರಯಿಸುವ ಗುರು ಹಾಲೆಂಡಿನ ರೆಂಬ್ರಾಂಟ್ (1606–1669). ಕತ್ತಲಿನ ನಡುವೆ ಒಂದು ಕಡೆಯಿಂದ ಬೀಳುವ ಬೆಳಕು, ಅದರಲ್ಲಿ ಎದ್ದು ಕಾಣುವ ಮುಖ – ಬರೋಕ್ ಶೈಲಿಯ ಈ ಲಕ್ಷಣ ಅವನಲ್ಲಿ ಪೂರ್ಣವಾಗಿದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹಳದಂಕರ್ ಅವರ ದೀಪ ಹಿಡಿದ ಹೆಣ್ಣುಮಗಳ ಚಿತ್ರ ನೋಡಿದವರಿಗೆ ಕತ್ತಲೆ ಬೆಳಕಿನ ಈ ಆಟ ಹೊಸದಲ್ಲ. ಅದು ಜಲವರ್ಣ, ಇದು ತೈಲವರ್ಣ; ಆದರೆ ಕಣ್ಣನ್ನು ಹಿಡಿದು ನಿಲ್ಲಿಸುವ ಉಪಾಯ ಎರಡರಲ್ಲೂ ಒಂದೇ.

ರೆಂಬ್ರಾಂಟ್ ತನ್ನ ಮುಖವನ್ನೇ ಕನ್ನಡಿಯಲ್ಲಿ ನೋಡಿಕೊಂಡು ಯೌವನದಿಂದ ಮುಪ್ಪಿನವರೆಗೆ ಸುಮಾರು 80 ಬಾರಿ ತೈಲವರ್ಣ, ರೇಖಾಚಿತ್ರ, ತಾಮ್ರದ ಅಚ್ಚುಗಳಲ್ಲಿ ಮೂಡಿಸಿದ. ಕೂರಲು ಮಾದರಿ ಸಿಗದಿದ್ದರೆ ಕನ್ನಡಿಯೇ ಸಾಕು ಎಂಬುದು ಅವನಿಂದ ಕಲಿಯುವ ಮೊದಲ ಪಾಠ.

ಎರಡನೆಯ ಸಂಗತಿ ಇನ್ನೂ ಸ್ವಾರಸ್ಯಕರ. ಸಾಲ ಏರಿ 1656ರಲ್ಲಿ ರೆಂಬ್ರಾಂಟ್ ದಿವಾಳಿಯಾದ. ಸಾಲಗಾರರಿಗಾಗಿ ಅವನ ಮನೆಯ ಸಾಮಾನುಗಳ ಪಟ್ಟಿ ಮಾಡಿದಾಗ 363 ನಮೂದುಗಳಾದವು. ಬೇರೆ ಕಲಾವಿದರ ಚಿತ್ರಗಳ ಕಟ್ಟುಗಳೇ ಅದರಲ್ಲಿ ಬಹಳ. ಸರಿಸುಮಾರು ಅದೇ ವರ್ಷಗಳಲ್ಲಿ ಆತ ಮೊಗಲ್ ಕಿರುಚಿತ್ರಗಳನ್ನು ಮುಂದಿಟ್ಟುಕೊಂಡು ಇಪ್ಪತ್ತಕ್ಕೂ ಹೆಚ್ಚು ನಕಲುಗಳನ್ನು ಏಷ್ಯಾದಿಂದ ಬಂದ ಬೆಲೆಬಾಳುವ ಕಾಗದದ ಮೇಲೆ ಬರೆದ. ಶಾಹಜಹಾನ್, ದಾರಾ ಶಿಕೋಹ್, ಮರದಡಿ ಕುಳಿತ ನಾಲ್ವರು ಹಿರಿಯರು ಅವುಗಳಲ್ಲಿದ್ದಾರೆ. ಹಡಗಿನಲ್ಲಿ ಮೆಣಸು, ಬಟ್ಟೆಯ ಜೊತೆ ಹಾಲೆಂಡಿಗೆ ಹೋಗಿದ್ದ ಹಿಂದುಸ್ತಾನದ ಚಿತ್ರಗಳಿಂದ ರೆಂಬ್ರಾಂಟ್ ಪಾಠ ಹೇಳಿಸಿಕೊಂಡಿದ್ದ! ಇಂದು ಪುಣೆಯಲ್ಲಿ ಕುಳಿತು ಅವನ ಚಿತ್ರವನ್ನು ನಕಲು ಮಾಡುವವರು ಹಳೆಯ ಲೆಕ್ಕವನ್ನು ಸರಿದೂಗಿಸುತ್ತಿದ್ದಾರೆ ಎಂದರೂ ತಪ್ಪಾಗಲಾರದು.

ಅಗಸೆಯ ಎಣ್ಣೆ, ಅಗಸೆಯ ಬಟ್ಟೆ

ಇನ್ನು ಕೆಲಸದ ವಿಷಯ. ಧಾರವಾಡ, ವಿಜಾಪುರ ಕಡೆಯವರ ಊಟದಲ್ಲಿ ರೊಟ್ಟಿಯ ಪಕ್ಕ ಅಗಸಿ ಚಟ್ನಿ ಇರಲೇಬೇಕು. ಅದೇ ಅಗಸೆ ಬೀಜದ ಎಣ್ಣೆಯೇ ತೈಲವರ್ಣದ ಜೀವಾಳ. ಅದೇ ಗಿಡದ ನಾರಿನಿಂದ ನೇಯ್ದ ಬಟ್ಟೆಯ ಮೇಲೆಯೇ ಆ ಕಾಲದ ಕ್ಯಾನ್ವಾಸ್ ಸಿದ್ಧವಾಗುತ್ತಿತ್ತು. ಈ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ತೆಳುವಾದ ಪದರಕ್ಕೆ ಕೆಲವು ದಿನ, ದಪ್ಪ ಬಣ್ಣಕ್ಕೆ ವಾರಗಳೇ ಬೇಕು. ವಾರಕ್ಕೊಂದು ದಿನ ಬಿಡುವಿರುವವರಿಗೆ ಇದು ಅನುಕೂಲವೇ. ಈ ಭಾನುವಾರ ಹಚ್ಚಿದ್ದು ಮುಂದಿನ ಭಾನುವಾರಕ್ಕೆ ಕೈಗೆ ಅಂಟದಂತಾಗಿರುತ್ತದೆ.

ಮೊದಲ ದಿನ ಬಿಳಿ ಕ್ಯಾನ್ವಾಸಿಗೆ ತೆಳು ಕಂದು ಬಣ್ಣ ಬಳಿದು ಒಣಗಲು ಬಿಡಬೇಕು. ಬಿಳಿಯ ಮೇಲೆ ಎಲ್ಲ ಬಣ್ಣವೂ ಕಪ್ಪಾಗಿ ಕಂಡು ಕಣ್ಣಿಗೆ ಮೋಸವಾಗುತ್ತದೆ. ಕಂದಿನ ಮೇಲೆ ಬೆಳಕು ಬೆಳಕಾಗಿಯೂ ನೆರಳು ನೆರಳಾಗಿಯೂ ಕಾಣುತ್ತದೆ. ಎರಡನೆಯದು ರೇಖೆ. ಶಾಲೆಯಲ್ಲಿ ಚೌಕ ಹಾಕಿ ಚಿತ್ರ ದೊಡ್ಡದು ಮಾಡಿದ ನೆನಪು ಎಲ್ಲರಿಗೂ ಇದೆ. ಇಲ್ಲಿಯೂ ಅದೇ ಕ್ರಮ ನಡೆಯುತ್ತದೆ. ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗೆ ಕುಳಿತ ಮಹಾರಾಷ್ಟ್ರದ ನಮ್ಮ ಮಕ್ಕಳಿಗೆ ಇಷ್ಟು ತಯಾರಿ ಆಗಿಯೇ ಇರುತ್ತದೆ.

ಮೂರನೆಯದು ಕಂದು ಒಂದರಲ್ಲೇ ಇಡೀ ಮುಖ. ಕಣ್ಣಗುಳಿ, ಮೂಗಿನ ಬದಿ, ಗಲ್ಲದ ಕೆಳಗಿನ ನೆರಳು ಇವೆಲ್ಲ ಈ ಹಂತದಲ್ಲೇ ಸರಿಯಾಗಬೇಕು. ಬಣ್ಣ ಬಂದ ಮೇಲೆ ಸರಿಯಾಗುತ್ತದೆ ಎಂದು ಮುಂದೆ ಹೋದವರು ಮತ್ತೆ ಇಲ್ಲಿಗೇ ಹಿಂತಿರುಗಬೇಕಾಗುತ್ತದೆ. ನಾಲ್ಕನೆಯದು ಮೈಬಣ್ಣ. ರೆಂಬ್ರಾಂಟ್‌ನ ಬಣ್ಣಗಳ ಹಲಗೆಯಲ್ಲಿ ಇದ್ದದ್ದು ಬಿಳಿ, ಮಣ್ಣಿನ ಹಳದಿ, ಕೆಂಪು, ಕಂದು, ಕಪ್ಪು – ಹೆಚ್ಚುಕಡಿಮೆ ಇಷ್ಟೇ. ಮೂವತ್ತು ಟ್ಯೂಬಿನ ಪೆಟ್ಟಿಗೆ ಕೊಂಡವರಿಗಿಂತ ಐದು ಟ್ಯೂಬಿನವರು ಬೇಗ ಕಲಿಯುತ್ತಾರೆ. ನೆರಳಿನಲ್ಲಿ ಬಣ್ಣ ತೆಳುವಾಗಿ, ಕೆಳಗಿನ ಕಂದು ಕಾಣುವಂತಿರಬೇಕು. ಬೆಳಕು ಬಿದ್ದ ಹಣೆ, ಮೂಗಿನ ತುದಿಯಲ್ಲಿ ಬಣ್ಣ ದಪ್ಪವಾಗಿರಬೇಕು. ಹಸಿ ಬಣ್ಣದ ಮೇಲೆ ಕುಂಚದ ಹಿಂದಿನ ತುದಿಯಿಂದ ಗೀರಿ ಗುಂಗುರು ಕೂದಲು ಮೂಡಿಸುವ ಚಮತ್ಕಾರವನ್ನು ರೆಂಬ್ರಾಂಟ್ 22ರ ಆಸುಪಾಸಿನ ವಯಸ್ಸಿನಲ್ಲೇ ತನ್ನ ಸ್ವಂತ ಮುಖಚಿತ್ರದಲ್ಲಿ ಮಾಡಿ ತೋರಿಸಿದ್ದ. ಆ ಚಿತ್ರ ಆಮ್‌ಸ್ಟರ್‌ಡ್ಯಾಂನ ರೈಕ್ಸ್ ಮ್ಯೂಸಿಯಂನಲ್ಲಿದೆ.

ಇಡೀ ಕೆಲಸಕ್ಕೆ ಒಂದು ಸೂತ್ರ: ಕೆಳಗಿನ ಪದರದಲ್ಲಿ ಜಿಡ್ಡು ಕಡಿಮೆ, ಮೇಲಿನ ಪದರದಲ್ಲಿ ಜಿಡ್ಡು ಹೆಚ್ಚು. ತಿರುಗಾಮುರುಗಾ ಆದರೆ ಮೇಲಿನದು ಮೊದಲು ಒಣಗಿ, ಕೆಳಗಿನದು ಆಮೇಲೆ ಅಲುಗಾಡಿ ಬಿರುಕು ಬಿಡುತ್ತದೆ.

ಎಚ್ಚರಿಕೆಯ ಮಾತುಗಳೂ ಇವೆ. ಆ ಕಾಲದ ಬಿಳಿ ಬಣ್ಣ ಸೀಸದಿಂದ ಮಾಡಿದ್ದು, ವಿಷ. ಮನೆಯಲ್ಲಿ ಕಲಿಯುವವರಿಗೆ ಟೈಟಾನಿಯಂ ಬಿಳಿಯೇ ಕ್ಷೇಮ. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನೇ ಕಾವೇರಿ ಹೊತ್ತಿಕೊಳ್ಳುವ ಅಪಾಯವಿದೆ. ಅದನ್ನು ಹರಡಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಹಾಕಿಡಬೇಕು.

ಬೆಳಕು ಕಿಟಕಿಯಿಂದ, ಆದಷ್ಟು ಉತ್ತರ ದಿಕ್ಕಿನಿಂದ ಬಂದರೆ ದಿನವಿಡೀ ಒಂದೇ ಹದದಲ್ಲಿರುತ್ತದೆ. ಎತ್ತರದ ಕಿಟಕಿಗಳಿರುವ ಹಳೆಯ ಮನೆಯವರು ಈ ವಿಷಯದಲ್ಲಿ ಅದೃಷ್ಟವಂತರು. ಟ್ಯೂಬ್‌ಲೈಟಿನಲ್ಲಿ ಬೆರೆಸಿದ ಮೈಬಣ್ಣ ಬೆಳಿಗ್ಗೆ ನೋಡಿದಾಗ ಕಾಮಾಲೆ ಹಿಡಿದವರಂತೆ ಕಂಡರೆ ಆಶ್ಚರ್ಯವಿಲ್ಲ.

ಮೂಲ ಯಾವುದು, ನಕಲು ಯಾವುದು?

ನಕಲು ಎಷ್ಟು ಚೆನ್ನಾಗಿ ಆಗಬಲ್ಲದು ಎಂಬುದಕ್ಕೆ ಒಂದು ಪ್ರಸಂಗವಿದೆ. ಕೊರಳಿಗೆ ಲೋಹದ ಪಟ್ಟಿ ತೊಟ್ಟ ತರುಣ ರೆಂಬ್ರಾಂಟ್‌ನ ಸ್ವಂತ ಮುಖಚಿತ್ರ ಎರಡು ಕಡೆ ಇದೆ: ಒಂದು ಹಾಲೆಂಡಿನ ಹೇಗ್ ನಗರದ ಮಾರಿಟ್ಸ್‌ಹಾಯ್ಸ್‌ನಲ್ಲಿ, ಇನ್ನೊಂದು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ. ಹೇಗ್‌ನದೇ ಮೂಲ ಎಂದು ಬಹುಕಾಲ ಎಲ್ಲರೂ ನಂಬಿದ್ದರು. 1990ರ ದಶಕದ ಕೊನೆಯಲ್ಲಿ ಅತಿಗೆಂಪು ಕಿರಣಗಳಲ್ಲಿ ಪರೀಕ್ಷಿಸಿದಾಗ ಅದರ ಬಣ್ಣದ ಕೆಳಗೆ ಎಚ್ಚರಿಕೆಯಿಂದ ಎಳೆದ ರೇಖೆಗಳು ಕಂಡವು. ರೆಂಬ್ರಾಂಟ್ ಹಾಗೆ ಗೆರೆ ಹಾಕಿಕೊಂಡು ಬರೆಯುವವನಲ್ಲ. ಅದು ಅವನ ಚಿತ್ರಶಾಲೆಯಲ್ಲಾದ ನಕಲು, ನ್ಯೂರೆಂಬರ್ಗ್‌ನದು ಮೂಲ ಎಂದು ತೀರ್ಮಾನವಾಯಿತು. ಮೂಲದ ಕುಂಚ ಧೈರ್ಯದಿಂದ ಓಡಿದೆ, ನಕಲಿನದು ನಯವಾಗಿ ನಡೆದಿದೆ. ಕಲಿಯುವವರು ಮೊದಲು ಆ ನಯವನ್ನು ಸಾಧಿಸಬೇಕು, ಆಮೇಲೆ ಅದನ್ನು ಬಿಡಬೇಕು.

ಅಚ್ಚಾದ ಪುಸ್ತಕದ ಚಿತ್ರ ನೋಡಿ ನಕಲು ಮಾಡುವುದರಲ್ಲಿ ಒಂದು ಕೊರತೆಯಿದೆ. ಬಣ್ಣದ ದಪ್ಪ ಅದರಲ್ಲಿ ಕಾಣುವುದಿಲ್ಲ. ಈಗ ರೈಕ್ಸ್ ಮ್ಯೂಸಿಯಂ ತನ್ನ ಚಿತ್ರಗಳ ದೊಡ್ಡ ಪ್ರತಿಗಳನ್ನು ಎಲ್ಲರಿಗೂ ಉಚಿತವಾಗಿ ಒದಗಿಸುತ್ತಿದೆ. ರೆಂಬ್ರಾಂಟ್‌ನ ‘ನೈಟ್ ವಾಚ್’ ಚಿತ್ರದ 717 ಗಿಗಾಪಿಕ್ಸೆಲ್ ಛಾಯಾಚಿತ್ರವನ್ನು 2022ರಲ್ಲಿ ಪ್ರಕಟಿಸಿದ ಮೇಲಂತೂ ಕುಂಚದ ಒಂದೊಂದು ಎಳೆಯನ್ನೂ ಕ್ಯಾಂಪ್‌ನ ಮನೆಯಲ್ಲಿ ಕುಳಿತೇ ನೋಡಬಹುದು. ಅಂದಹಾಗೆ ಆ ಚಿತ್ರ ರಾತ್ರಿಯದಲ್ಲ, ಹಗಲಿನದು. ಮೇಲಿನ ವಾರ್ನಿಷ್ ಮಸುಕಾಗಿ ಕಪ್ಪಾದ್ದರಿಂದ ಆ ಹೆಸರು ಅಂಟಿಕೊಂಡಿತು. ಹಳೆಯ ಚಿತ್ರದ ಹಳದಿ ಮಸುಕನ್ನೂ ಗುರುವಿನದೇ ಎಂದು ನಕಲು ಮಾಡಬಾರದೆಂಬುದಕ್ಕೆ ಇದೊಂದು ಎಚ್ಚರಿಕೆ.

ಎಷ್ಟೇ ಆದರೂ ಕಣ್ಣಾರೆ ನೋಡಿದಂತಾಗದು. ಬೆಳಗಿನ ಡೆಕ್ಕನ್ ಕ್ವೀನ್ ಹಿಡಿದರೆ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ, ಅಂದರೆ ಹಿಂದಿನ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ನೋಡಿ ಸಂಜೆ ಮರಳಬಹುದು. ಸರ್ ರತನ್ ಟಾಟಾ ಮತ್ತು ಸರ್ ದೊರಾಬ್ ಟಾಟಾ ಅವರ ಸಂಗ್ರಹದಿಂದ ಬಂದ ಯುರೋಪಿನ ತೈಲಚಿತ್ರಗಳು ಅಲ್ಲಿವೆ. ಬದಿಯಲ್ಲಿ ನಿಂತು ಓರೆಯಾಗಿ ನೋಡಿದರೆ ಬಣ್ಣದ ಏರಿಳಿತ ಗದ್ದೆಯ ಬದುವಿನಂತೆ ಕಾಣುತ್ತದೆ.

ನಕಲಿಗೂ ಖೋಟಾಕ್ಕೂ ಇರುವ ಗೆರೆ

ನೋಟಿನ ಚಿತ್ರ ಬರೆಯುವುದು ಬೇರೆ, ಖೋಟಾ ನೋಟು ಚಲಾಯಿಸುವುದು ಬೇರೆ. ಪ್ಯಾರಿಸ್‌ನ ಲೂವ್ರ್‌ನಲ್ಲಿ ಅನುಮತಿ ಪಡೆದು ನಕಲು ಮಾಡುವವರು ಮೂಲದ ಅಳತೆಯಲ್ಲೇ ಬರೆಯುವಂತಿಲ್ಲ, ಕಲಾವಿದನ ರುಜುವನ್ನು ಹಾಕುವಂತಿಲ್ಲ. ಹಾಲೆಂಡಿನ ಹಾನ್ ವಾನ್ ಮೇಗೆರೆನ್ ಎಂಬಾತ ಹೊಸ ಚಿತ್ರ ಬರೆದು ವೆರ್ಮೀರ್‌ನದೆಂದು ಮಾರಿ, ನಾಜಿ ನಾಯಕ ಗೋರಿಂಗ್‌ನ ಸಂಗ್ರಹಕ್ಕೂ ಒಂದನ್ನು ಸೇರಿಸಿದ್ದ. 1947ರಲ್ಲಿ ಅವನಿಗೆ ಶಿಕ್ಷೆಯಾಯಿತು. ಅವನ ಕೈಯಲ್ಲಿ ವಿದ್ಯೆಗೇನೂ ಕೊರತೆ ಇರಲಿಲ್ಲ, ಇಲ್ಲದ್ದು ಪ್ರಾಮಾಣಿಕತೆ.

ಮನೆಯಲ್ಲಿ ಕಲಿಯುವವರು ಚಿತ್ರದ ಹಿಂಬದಿಯಲ್ಲಿ ಮೂಲ ಕಲಾವಿದನ ಹೆಸರು, ‘ಇದು ನಕಲು’ ಎಂಬ ಮಾತು, ತಮ್ಮ ಹೆಸರು ಮತ್ತು ತಾರೀಕು ಬರೆದಿಡುವುದು ಒಳ್ಳೆಯ ರೂಢಿ. ಭಾರತದ ಕಾಯಿದೆಯಂತೆ ಕಲಾವಿದ ತೀರಿಕೊಂಡ ನಂತರ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ರೆಂಬ್ರಾಂಟ್‌ಗಾಗಲಿ, 1906ರಲ್ಲಿ ತೀರಿಕೊಂಡ ರವಿವರ್ಮನಿಗಾಗಲಿ ಈ ಅಡ್ಡಿಯಿಲ್ಲ. 1993ರಲ್ಲಿ ನಿಧನರಾದ ಎಸ್. ಎಂ. ಪಂಡಿತರ ಚಿತ್ರಗಳನ್ನು ನಕಲು ಮಾಡಿ ಮಾರುವುದು ಮಾತ್ರ ಸಲ್ಲದು.

ಮುಂದಿನ ಮುಖ ಯಾರದು?

ಒಂದು ನಕಲು ಮುಗಿಯಲು ಎಂಟು ಹತ್ತು ಭಾನುವಾರಗಳಾದರೂ ಬೇಕು. ಗೋಡೆಗೆ ತೂಗುಹಾಕಿ ಬಂದವರಿಗೆ ತೋರಿಸಿದರೆ ಸಂತೋಷವೇ. ಆದರೆ ಇಷ್ಟೆಲ್ಲ ಶ್ರಮ ರೆಂಬ್ರಾಂಟ್‌ನ ಮುಖ ಮನೆಯಲ್ಲಿರಲಿ ಎಂದಲ್ಲ. ಬೆಳಕು ಬಿದ್ದ ಕೆನ್ನೆ ಹೇಗಿರುತ್ತದೆ, ವಯಸ್ಸಾದ ಕಣ್ಣಿನ ಕೆಳಗಿನ ಚರ್ಮ ಹೇಗೆ ಮಡಚಿಕೊಳ್ಳುತ್ತದೆ ಎಂದು ಒಮ್ಮೆ ಗುರುವಿನ ಕಣ್ಣಿನಿಂದ ನೋಡಿದವರಿಗೆ ಎದುರಿನ ಕುರ್ಚಿಯಲ್ಲಿ ಕುಳಿತ ಮನುಷ್ಯನೂ ಹಾಗೆಯೇ ಕಾಣತೊಡಗುತ್ತಾನೆ.

ನಮ್ಮ ಮನೆಗಳಲ್ಲಿ ಹಿರಿಯರ ದೊಡ್ಡ ಚಿತ್ರ ಗೋಡೆಗೆ ಏರುವುದು ಸಾಮಾನ್ಯವಾಗಿ ಗಂಧದ ಹಾರದ ಜೊತೆಗೇ. ರೇಷನ್ ಕಾರ್ಡಿನ ಇಲ್ಲವೇ ಪೆನ್ಷನ್ ಪುಸ್ತಕದ ಚಿಕ್ಕ ಫೋಟೊವನ್ನು ತರಾತುರಿಯಲ್ಲಿ ಸ್ಟುಡಿಯೋಗೆ ಕೊಟ್ಟು ದೊಡ್ಡದು ಮಾಡಿಸುತ್ತೇವೆ. ಆ ಮುಖದಲ್ಲಿ ಕ್ಯಾಮೆರಾದ ಎದುರಿನ ಗಾಬರಿ ಇರುತ್ತದೆಯೇ ಹೊರತು ಆ ಮನುಷ್ಯರಿರುವುದಿಲ್ಲ. ಉಡುಪಿಯಿಂದಲೋ ಗದಗದಿಂದಲೋ ಟ್ರಂಕು ಹಿಡಿದು ಪುಣೆಗೆ ಬಂದು, ಹೋಟೆಲಿನಲ್ಲಿ, ಕಾರ್ಖಾನೆಯಲ್ಲಿ, ಕಚೇರಿಯಲ್ಲಿ ದುಡಿದು ಈ ಊರಿನಲ್ಲಿ ಕನ್ನಡದ ಮನೆಗಳನ್ನು ಕಟ್ಟಿದ ತಲೆಮಾರು ಈಗ ಎಂಬತ್ತರ ಆಚೆಈಚೆ ಇದೆ. ಅವರು ಕಿಟಕಿಯ ಬಳಿ ಕುಳಿತು ಪತ್ರಿಕೆ ಓದುವ ಹೊತ್ತಿನಲ್ಲಿ, ಅವರೊಡನೆ ಊರ ಮಾತು ಆಡುತ್ತಾ, ನಾಲ್ಕು ಭಾನುವಾರ ಎದುರು ಕುಳಿತು ಬರೆಯಬಲ್ಲ ಮಗಳೋ ಮೊಮ್ಮಗನೋ ಮನೆಗೊಬ್ಬರಿದ್ದರೆ ಅದಕ್ಕಿಂತ ಹೆಚ್ಚಿನ ಗೌರವವಿಲ್ಲ. ಮೂಗು ತುಸು ಸೊಟ್ಟಗಾದರೂ ಅವರು ನಕ್ಕು ಕ್ಷಮಿಸುತ್ತಾರೆ.

ರಾಜ್ಯೋತ್ಸವ, ವಾರ್ಷಿಕೋತ್ಸವಗಳಲ್ಲಿ ಸಂಘ ಸಂಸ್ಥೆಗಳು ಮಕ್ಕಳಿಗೆ ಒಂದು ಗಂಟೆಯ ಚಿತ್ರಕಲಾ ಸ್ಪರ್ಧೆ ನಡೆಸುವುದು ರೂಢಿಯಲ್ಲಿದೆ. ಅದರ ಜೊತೆಗೆ ಒಂದು ಗೋಡೆಯನ್ನು ದೊಡ್ಡವರಿಗೂ ಬಿಟ್ಟುಕೊಟ್ಟು, ಗುರುಗಳ ಚಿತ್ರದ ಪ್ರತಿ ಒಂದು ಕಡೆ, ಸದಸ್ಯರು ಮಾಡಿದ ನಕಲು ಮತ್ತೊಂದು ಕಡೆ, ಅದರ ಪಕ್ಕದಲ್ಲಿ ಮನೆಯ ಹಿರಿಯರ ಮುಖಚಿತ್ರ ಹೀಗೆ ಪ್ರದರ್ಶಿಸಿದರೆ ನೋಡುವವರಿಗೂ ಪಾಠವಾದೀತು. ಬಹುಮಾನ ಇಡಬೇಕೆಂದಿಲ್ಲ. ಚಿತ್ರದಲ್ಲಿರುವ ಹಿರಿಯರನ್ನೇ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದರೆ ಸಾಕು.